ನೊರೆ ಇಳಿಯುವ ತನಕ

ಹಗರೆ ಹತ್ತಿರದ ಒಂದು ಹಾಲಿನ ಡೈರಿ. ಕೆಳಗಿನ ಮಣ್ಣು ಮೆತ್ತಗಾಗಿ, ಕ್ಯಾನು ಇಡುವ ಮೂಲೆಯ ಕಾಂಕ್ರೀಟ್ ನೆಲ ಮೂರು ಬೆರಳಷ್ಟು ಕುಸಿದಿತ್ತು. ನಾನು ನೆಲಕ್ಕೆ ಸಣ್ಣ ತೂತು ಕೊರೆದು, ಯಂತ್ರದಿಂದ ರಾಸಾಯನಿಕ ನೊರೆ ಒಳಕ್ಕೆ ಬಿಟ್ಟೆ. ಅದು ಉಬ್ಬಿ, ಗಟ್ಟಿಯಾಗಿ, ನೆಲವನ್ನು ಎತ್ತಿ ಸಮ ಮಾಡಿತು.

ಕೆಲಸ ಮುಗಿಯಿತೆಂದು ಡೈರಿಯ ಕಾರ್ಯದರ್ಶಿ ಸಹಿ ಹಾಕಬೇಕಿತ್ತು. ಹಾಕಲಿಲ್ಲ.

"ನೊರೆ ತಾನೇ? ಇಳೀಲಿ, ಇರಿ."

ನೊರೆ ಇಳಿಯುವ ತನಕ ಯಾರ ಹಾಲನ್ನೂ ಅಳೆಯದ ಮನುಷ್ಯ.

"ಇದು ಇಳಿಯಲ್ಲ ಸಾರ್, ಕಲ್ಲಿನ ಹಂಗೆ ನಿಲ್ಲುತ್ತೆ," ಎಂದೆ.

"ಹಾಲಿಗೆ ನೀರು ಹಾಕ್ದೋರೂ ಹಿಂಗೇ ಆಣೆ ಮಾಡ್ತಾರೆ ಕಣ್ರೀ."

ತುಂಬಿದ ಕ್ಯಾನುಗಳನ್ನು ಅದೇ ಮೂಲೆಯಲ್ಲಿ ಇಡಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಕಣ್ಣು ಒಮ್ಮೆ ನೆಲದ ಮೇಲೆ, ಒಮ್ಮೆ ನನ್ನ ಮೇಲೆ. ಹೊರಗೆ ಬೇಲೂರಿನ ಕಡೆಗೆ ಎರಡು ಬಸ್ಸು ಹೋದವು. ನೆಲ ಕದಲಲಿಲ್ಲ. ಮೂರನೆಯದು ಹೋದ ಮೇಲೆ ಸಹಿ ಹಾಕಿ, ನನಗೆ ಕಾಫಿ ತರಿಸಿದರು.

ಲೋಟದ ತುಂಬ ನೊರೆ. ನಾನು ಮುಟ್ಟಲಿಲ್ಲ.

"ಕುಡೀರಿ, ಆರೋಯ್ತದೆ."

"ಇಳೀಲಿ ಸಾರ್."

ಇಳಿಯಿತು. ಇಬ್ಬರೂ ಬಗ್ಗಿ ನೋಡಿದೆವು. ಅರ್ಧ ಲೋಟವಿತ್ತು.

ಕಾರ್ಯದರ್ಶಿ ಕೂಗಿ ಹೇಳಿ ಇನ್ನರ್ಧ ಲೋಟ ತರಿಸಿದರು, ನೊರೆಯಿಲ್ಲದ್ದು.