ಕಂಕುಳಿನ ಬಿಳಿ ಚುಕ್ಕೆಗಳು

ಒಂದಾನೊಂದು ಊರಿನಲ್ಲಿ, ಮೈಯನ್ನು ಮುಟ್ಟದೆಯೇ ಮೈಯೊಳಗನ್ನು ಕಾಣಬಲ್ಲವರೊಬ್ಬರಿದ್ದರು. ಇದು ಅಜ್ಜಿ ಹೇಳಿದ ಕಥೆಯಲ್ಲ. ಊರು ಕೊಳ್ಳೇಗಾಲ, ಅವರು ನಮ್ಮ ಚಿಕ್ಕ ಆಸ್ಪತ್ರೆಯ ಎಕ್ಸರೇ ಕೋಣೆಯಿಂದ ಇದೀಗ ನಿವೃತ್ತರಾಗುತ್ತಿರುವ ಶ್ರೀ ಗುರುಪಾದಸ್ವಾಮಿಯವರು.

1956ರಲ್ಲಿ ಯಂತ್ರದೊಡನೆಯೇ ಬಂದ ಅವರು, ಹನೂರು, ಯಳಂದೂರುಗಳಿಂದ ಬಂದವರಲ್ಲಿ ಕೊನೆಯವರ ಚಿತ್ರ ತೆಗೆಯದೆ ಒಂದು ದಿನವೂ ಬಾಗಿಲು ಹಾಕಿದವರಲ್ಲ; ಬಸ್ಸು ತಪ್ಪಿದವರಿಗೆ ಅವರ ಮನೆಯಲ್ಲೇ ಊಟ.

1970ರಲ್ಲಿ ನಾನು ಅವರಲ್ಲಿ ಕೆಲಸ ಕಲಿಯುತ್ತಿದ್ದಾಗ, ನೇಕಾರರ ಬೀದಿಯ ನನ್ನ ಅಜ್ಜಿ ಚೌಡಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಅದು ಕಂಕುಳಿಗೆ ಹರಡಿದೆಯೇ ಎಂದು ತಿಳಿಯಲು ಚಿತ್ರ ಬೇಕಿತ್ತು. ರವಿಕೆ ತೆಗೆಯಲು ಹೇಳಿದರೆ ಅಜ್ಜಿ, “ನನ್ನ ಗಂಡ್ನೇ ಅಗಲೊತ್ನಲ್ಲಿ ಇದ್ನ ಕಂಡಿಲ್ಲ, ನಿಮಗ್ ತೋರ್ಸಾನಾ ಸ್ವಾಮಿ?” ಎಂದಳು. ಅವರು ನಕ್ಕು, ರವಿಕೆಯ ಮೇಲೆಯೇ ಚಿತ್ರ ತೆಗೆದರು.

ಗುರುವಾರಗಳಂದು ಮೈಸೂರಿನಿಂದ ಬರುತ್ತಿದ್ದ ಡಾಕ್ಟರ್ ಗೋವಿಂದಯ್ಯನವರು ಕಂಕುಳಿನ ಬಿಳಿ ಚುಕ್ಕೆಗಳನ್ನು ನೋಡಿ, ರೋಗ ಹರಡಿದೆ, ಶಸ್ತ್ರಚಿಕಿತ್ಸೆಯಿಂದ ಫಲವಿಲ್ಲ ಎಂದು ಬರೆದು ಬಸ್‌ ನಿಲ್ದಾಣಕ್ಕೆ ಹೊರಟರು. ಗುರುಪಾದಸ್ವಾಮಿಯವರು ಮಾತ್ರ ಚಿತ್ರವನ್ನು ಕೆಳಗಿಡಲಿಲ್ಲ. ಚುಕ್ಕೆಗಳು ಪಕ್ಕೆಲುಬಿಗಿಂತಲೂ ಬೆಳ್ಳಗಿದ್ದವು; ಚಿತ್ರದಲ್ಲಿ ಎಲುಬಿಗಿಂತ ಬೆಳ್ಳಗೆ ಬೀಳುವುದು ಲೋಹ.

“ನಿಮ್ಮಜ್ಜಿ ಈ ವಾರ ಏನ್ ನೇಯ್ತಾವ್ರೆ?”

ಜರಿ ಸೆರಗು ಎಂದೆ. ಮಗ್ಗದಲ್ಲಿ ಕತ್ತರಿಸಿದ ಜರಿಯ ತುಣುಕುಗಳು ಬೆವರಿಗೆ ರವಿಕೆಗೆ ಅಂಟುವುದು ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ!

“ತಪ್ಪು ನಂದು ಕಣವ್ವ,” ಎಂದು ಅಜ್ಜಿಯ ಮುಂದೆ ಕೈಮುಗಿದರು. “ಡಾಕ್ಟ್ರ ಬಸ್ ಓಗಾದ್ರೊಳ್ಗೆ ಸರ್ಯಾದ್ ಚಿತ್ರ ಅವರ ಕೈಗೆ ಕೊಡ್ತೀನಿ.”

ಉಳಿದದ್ದು ಅರ್ಧ ಗಂಟೆ. ಅವರು ಹೊರಗೆ ನಿಂತರು. ಮೊಮ್ಮಗಳಾದ ನಾನು ಅಜ್ಜಿಯ ಕಂಕುಳನ್ನು ಸೀಗೆಯಿಂದ ತೊಳೆದು, ಒಗೆದ ಬಟ್ಟೆ ಹೊದಿಸಿ, ಫಿಲ್ಮಿನ ತಟ್ಟೆ ಹೊಂದಿಸಿ ಕರೆದೆ. ಅವರು ಬಂದು ಯಂತ್ರದ ಗುಂಡಿ ಒತ್ತಿ, ಫಿಲ್ಮನ್ನು ಕತ್ತಲೆ ಕೋಣೆಗೆ ಒಯ್ದು ತೊಳೆದರು.

ಅವರು ನೂರ್ಕಾಲ ಬಾಳಲಿ, ನಮ್ಮಂಥವರನ್ನು ತಿದ್ದುವ ಕೆಲಸದಿಂದ ಮಾತ್ರ ಎಂದೂ ನಿವೃತ್ತರಾಗದಿರಲಿ ಎಂದು ಹಾರೈಸುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು, ನೀರು ತೊಟ್ಟಿಕ್ಕುವ ಫಿಲ್ಮನ್ನು ಎತ್ತಿ ಹಿಡಿದು ನಿಲ್ದಾಣಕ್ಕೆ ಓಡಿದ ಆ ಐವತ್ತು ದಾಟಿದ ಮನುಷ್ಯರೇ. ಡಾಕ್ಟರು ಬರೆದ ಚೀಟಿ ಹಿಡಿದು ನಾನು ಹಿಂದೆಯೇ ಓಡಿದೆ. ಬಸ್ಸಿನ ಎಂಜಿನ್ ಆಗಲೇ ಗುಡುಗುತ್ತಿತ್ತು.

ಡಾಕ್ಟರು ಕಿಟಕಿಯಿಂದಲೇ ಫಿಲ್ಮನ್ನು ಬಿಸಿಲಿಗೆ ಹಿಡಿದರು. ಒಂದು ಚುಕ್ಕೆಯೂ ಇರಲಿಲ್ಲ. ಇಷ್ಟರಿಂದಲೇ ರೋಗ ಹರಡಿಲ್ಲವೆನ್ನಲಾಗದು ಎಂದರು.

“ಇಲ್ಲ ಅಂತ ನಾನೂ ಯೋಳಲ್ಲ ಸಾ. ಆದ್ರೆ ರವಿಕೆಗ್ ಅಂಟಿದ್ ಜರಿ ನೋಡಿ ಐತೆ ಅಂತ ಬರೀಬೇಡಿ.”

ಕಂಡಕ್ಟರ್ ಸೀಟಿ ಊದಿದ. ಡಾಕ್ಟರು ಮೊದಲಿನ ಚೀಟಿಯನ್ನು ಕೇಳಿ ಪಡೆದು, ಬರೆದದ್ದನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದರು: ಶಸ್ತ್ರಚಿಕಿತ್ಸೆಗೆ ಸೋಮವಾರವೇ ಕಳುಹಿಸಿ.