ಫೋನಿನ ಬೆನ್ನಿನ ನಾಲ್ಕು ಸಾಲು

ಅದು ಮಂಗಳವಾರ. ಮಾರನೆಯ ದಿನ ನನ್ನ ಗಂಡ ತೀರಿಕೊಂಡರು. ಮಂಗಳವಾರದಲ್ಲಿ ಅಂಥ ವಿಶೇಷ ಏನೂ ಇರಲಿಲ್ಲ.

ಕೆಲಸ ಮುಗಿಸಿ ಸಂಜೆ ಆರಕ್ಕೆ ಅವರ ಅಂಗಡಿಗೆ ಹೋದೆ. ಅವರದು ಫೋನು ರಿಪೇರಿ. ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಮುಂದೆ ಗಾಜಿನ ಮೇಜು, ಅದರ ಮೇಲೆ ಕತ್ತು ಬಾಗಿಸುವ ದೀಪ, ಹಿಂದಿನ ಗೋಡೆಗೆ ಮೂರು ಹಲಗೆ. ಪಕ್ಕದ್ದು ದರ್ಜಿ ಅಂಗಡಿ. ಎರಡಕ್ಕೂ ನಡುವೆ ಒಂದೇ ತೆಳು ಗೋಡೆ. ದರ್ಜಿ ಮಷಿನ್ ತುಳಿದರೆ ನಮ್ಮ ಮೇಜಿನ ಮೇಲಿನ ಸ್ಕ್ರೂಗಳು ನಡುಗುತ್ತಿದ್ದವು.

ಆ ದಿನ ಅಂಗಡಿ ಮುಂದೆ ಜನವೋ ಜನ. ಭಾನುವಾರ ಎಲ್ಲರ ಫೋನಿಗೂ ಒಂದು ಅಪ್‌ಡೇಟ್ ಬಂದಿತ್ತು. ಒತ್ತಿ ಅಂತು, ಎಲ್ಲರೂ ಒತ್ತಿದ್ದರು. ಸೋಮವಾರದಿಂದ ಯಾರ ಫೋನೂ ಮಧ್ಯಾಹ್ನ ದಾಟುತ್ತಿರಲಿಲ್ಲ.

"ಹೊಸ ಬ್ಯಾಟರಿ ಹಾಕಿಬಿಡಿ ಅಣ್ಣಾ, ತಲೆನೋವು ತಪ್ಪಲಿ," ಅಂದ ಒಬ್ಬ ಲಾರಿ ಡ್ರೈವರು.

"ತಲೆನೋವು ಬಂದ್ರೆ ತಲೇನೇ ಬದಲಾಯಿಸ್ತಾರಾ? ತಡಿಯಪ್ಪ."

"ಎಷ್ಟು ಹೊತ್ತು ತಡೀಲಿ?"

"ಹೊತ್ತಲ್ಲ, ಮೂರು ದಿನ. ಇಲ್ಲೇ ಬಿಟ್ಟು ಹೋಗು."

"ಮೂರು ದಿನ ಫೋನ್ ಬಿಟ್ಟಿರೋದಾ? ಬೇಕಾದ್ರೆ ಹೆಂಡ್ತೀನ ಬಿಟ್ಟು ಹೋಗ್ತೀನಿ."

"ಹೆಂಡ್ತಿ ರಿಪೇರಿ ನನ್ನ ಕೈಲಾಗಲ್ಲ. ಆಗಿದ್ರೆ ಮೊದಲು ಇವಳದ್ದು ಮಾಡ್ತಿರ್ಲಿಲ್ವಾ," ಎಂದು ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಡ್ರೈವರು ಫೋನು ಬಿಟ್ಟು ಹೋದ.

ಬಂದವರಿಗೆಲ್ಲ ತಡಿಯಪ್ಪ, ತಡಿಯಪ್ಪ ಅಂದೂ ಅಂದೂ ಬೀದಿಯವರು ಅವರಿಗೇ ಆ ಹೆಸರು ಅಂಟಿಸಿದ್ದರು. ಎದುರಿಗೆ ಕರೆದರೂ ಬೇಜಾರಿರಲಿಲ್ಲ. ಮೊದಲು ಅವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಸರಿಮಾಡಿದ ಗಡಿಯಾರವನ್ನು ತಕ್ಷಣ ಕೈಗೆ ಕೊಡಬಾರದು, ಮೂರು ದಿನ ಗೋಡೆಗೆ ನೇತುಹಾಕಿ ನೋಡಬೇಕು ಎನ್ನುವುದು ಅವರಪ್ಪ ಕಲಿಸಿದ್ದು. ಗಡಿಯಾರ ಹೋಗಿ ಫೋನು ಬಂತು. ಮೂರು ದಿನ ಹಾಗೇ ಉಳಿಯಿತು.

ಊಟಕ್ಕೆ ಕರೆದರೂ ತಡಿ. ಡಾಕ್ಟರ ಹತ್ತಿರ ಎದೆ ತೋರಿಸಿಕೊಳ್ಳಿ ಅಂದರೂ ತಡಿ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಮಕ್ಕಳಾಗಲಿಲ್ಲ. ಅದಕ್ಕೂ ಅವರು ತಡಿ ಎಂದೇ ಹೇಳುತ್ತಿದ್ದರು, ನನಗೆ ನಲವತ್ತೈದಾಗುವವರೆಗೆ.

ಬ್ಯಾಟರಿ ನೋಡುವುದರಲ್ಲಿ ಅವರಿಗೆ ಒಂದು ಕ್ರಮ ಇತ್ತು. ಮೊದಲು ಫೋನನ್ನು ಗಾಜಿನ ಮೇಲೆ ಬೆನ್ನಡಿಯಾಗಿ ಇಟ್ಟು ಬೆರಳಿನಿಂದ ತಿರುಗಿಸುವರು. ಬುಗುರಿಯ ಹಾಗೆ ತಿರುಗಿದರೆ ಒಳಗೆ ಬ್ಯಾಟರಿ ಊದಿದೆ. "ಇದಕ್ಕೆ ಹೊಟ್ಟೆ ಬಂದಿದೆ, ಇದನ್ನ ಬದಲಾಯಿಸೋಣ," ಅನ್ನುವರು. ತಿರುಗದಿದ್ದರೆ ಬೆನ್ನಿಗೆ ಒಂದು ತುಂಡು ಬಿಳಿ ಟೇಪು ಅಂಟಿಸಿ ನಾಲ್ಕು ಸಾಲು ಬರೆಯುವರು. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು. ಸುಮ್ಮನೆ ಇಟ್ಟರೂ ಬಿಸಿಯೋ. ಯಾವ ಆಪ್ ಹೆಚ್ಚು ತಿನ್ನುತ್ತಿದೆ. ರಾತ್ರಿ ಆನೋ ಆಫೋ. ಒಂದೊಂದನ್ನೂ ಎರಡೆರಡು ಸಲ ಕೇಳಿ, ಎರಡು ಸಲವೂ ಒಂದೇ ಉತ್ತರ ಬಂದರೆ ಸಾಲಿನ ಪಕ್ಕ ಒಂದು ಚುಕ್ಕೆ ಇಡುವರು. ಯಾರ ಮಾತನ್ನೂ ಹಾಗೇ ನಂಬುತ್ತಿರಲಿಲ್ಲ.

"ಪೊಲೀಸ್ನೋರೂ ಇಷ್ಟು ಕೇಳಲ್ಲ ಮಾರಾಯ!" ಎಂದು ಗೋಡೆಯಾಚೆಯಿಂದ ದರ್ಜಿ ಕೂಗುತ್ತಿದ್ದ.

"ಅದಕ್ಕೇ ಅವರಿಗೆ ಕಳ್ಳ ಸಿಗಲ್ಲ!" ಎಂದು ಇವರು ಈಚೆಯಿಂದ.

ಜನ ಕರಗಿದ ಮೇಲೆ ನನ್ನ ಫೋನನ್ನೂ ಮೇಜಿನ ಮೇಲಿಟ್ಟೆ.

"ರೀ, ನಂದೂ ಒಂದು ಗಂಟೆಗೆಲ್ಲ ಸತ್ತು ಬೀಳ್ತಿದೆ."

ಗಾಜಿನ ಮೇಲೆ ತಿರುಗಿಸಿದರು. ಕದಲಲಿಲ್ಲ.

"ಬೆಳಿಗ್ಗೆ ಎಷ್ಟಿತ್ತು?"

"ನೂರು."

"ಬಿಸಿ ಆಗುತ್ತಾ?"

"ಜೇಬಲ್ಲಿಟ್ಟುಕೊಂಡ್ರೆ ತೊಡೆ ಸುಡುತ್ತೆ."

ಎರಡನ್ನೂ ಇನ್ನೊಂದು ಸಲ ಕೇಳಿದರು, ಅದೇ ಹೇಳಿದೆ. ಫೋನಿನೊಳಗೆ ಹೋಗಿ ಪಟ್ಟಿಯನ್ನೂ ಎರಡು ಸಲ ನೋಡಿದರು. ತಿನ್ನುವಂಥ ಆಪ್ ಯಾವುದೂ ಇರಲಿಲ್ಲ. ಟೇಪಿನ ಮೇಲೆ ಬರೆದರು, ಅಂಟಿಸಿದರು.

"ಬ್ಯಾಟರಿ ಗಟ್ಟಿಯಾಗಿದೆ ಕಣೇ. ಶುಕ್ರವಾರದವರೆಗೆ ತಡಿ."

"ಬೇರೆಯವ್ರದ್ದಾದ್ರೆ ಇಲ್ಲೇ ಇಟ್ಕೊಂಡು ನೋಡ್ತೀರಿ."

"ನಿಂದು ಮನೇಲೇ ಇರುತ್ತಲ್ಲ. ಎಲ್ಲಿ ಓಡಿಹೋಗುತ್ತೆ?"

ಇಷ್ಟೇ ಮಾತು. ಮನೆಗೆ ಬಂದು ಅಡುಗೆ ಮಾಡಿದೆ. ಅಡುಗೆಯ ಹೊತ್ತಿಗೆ ಫೋನನ್ನು ಚಾರ್ಜಿಗೆ ಹಾಕಿದೆ. ಪಾತ್ರೆ ತೊಳೆದು, ವೈರು ಕಿತ್ತು, ಫೋನು ಆಫ್ ಮಾಡಿ ಅಡುಗೆಮನೆಯ ಹಲಗೆ ಮೇಲಿಟ್ಟೆ. ದಿನಾ ಹಾಗೇ ಮಾಡುತ್ತಿದ್ದೆ. ಮಲಗುವ ಕೋಣೆಗೆ ನನ್ನ ಫೋನು ಬರುತ್ತಲೇ ಇರಲಿಲ್ಲ, ಅವರು ಅಡುಗೆಮನೆಗೆ ಬರುತ್ತಲೇ ಇರಲಿಲ್ಲ.

ಆಫ್ ಮಾಡುವ ಅಭ್ಯಾಸಕ್ಕೆ ಕಾರಣ ನನ್ನ ಕೆಲಸ. ಮೂರು ಮಹಡಿಯ ಒಂದು ಆಫೀಸಿನಲ್ಲಿ ಗುಡಿಸಿ ಒರೆಸುತ್ತೇನೆ. ಸಂಜೆ ಕೊನೆಗೆ ಹೊರಡುವವಳು ನಾನೇ. ದೀಪ, ಫ್ಯಾನು, ಕಾಫಿ ಮಷಿನ್, ಕಾಗದ ಕಕ್ಕುವ ಮಷಿನ್, ಎಲ್ಲ ಆಫ್ ಮಾಡಿ ಬರಬೇಕು. ಒಂದು ಸಲ ಒಂದು ದೀಪ ಉಳಿದುಹೋಗಿ ಸೂಪರ್‌ವೈಸರು ಎಲ್ಲರ ಮುಂದೆ ಬೈದಿದ್ದ. ಅಂದಿನಿಂದ ಏನಾದರೂ ಆನ್ ಇರುವುದನ್ನು ಕಂಡರೆ ನನಗೆ ಆಗುವುದಿಲ್ಲ.

ಬುಧವಾರ ಮಧ್ಯಾಹ್ನ ಎರಡಕ್ಕೆ ಅವರು ಮೇಜಿನ ಮೇಲೆ ಕುಸಿದರು. ಸಾಮಾನು ಚೆಲ್ಲಿದ ಸದ್ದಿಗೆ ದರ್ಜಿ ಓಡಿಬಂದ. ಶಟರ್ ಎಳೆದು, ಗಾಡಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ. ನನಗೆ ಒಂಬತ್ತು ಸಲ ಫೋನು ಮಾಡಿದ. ನನ್ನ ಫೋನು ಒಂದು ಗಂಟೆಗೇ ಸತ್ತಿತ್ತು. ನಾನು ಯಾವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾಲ್ಕೂಮುಕ್ಕಾಲಿಗೆ ಇವರು ಹೋದರು. ಆರಕ್ಕೆ ನಾನು ಅಂಗಡಿಗೆ ಬಂದೆ. ಶಟರ್ ಮುಚ್ಚಿತ್ತು. ಎದುರಿನ ಬೇಕರಿಯವನು ಕೈ ಒರೆಸಿಕೊಳ್ಳುತ್ತಾ ರಸ್ತೆ ದಾಟಿ ಬಂದ. ಅವನು ಎಂದೂ ಅಂಗಡಿ ಬಿಟ್ಟು ಬರುವವನಲ್ಲ.

ಇವರಿಗೆ ಕೊನೆಯವರೆಗೂ ಪ್ರಜ್ಞೆ ಇತ್ತಂತೆ. ಎರಡು ಸಲ "ಬಂದ್ಲಾ?" ಎಂದು ಕೇಳಿದರಂತೆ. "ತಡಿಯಪ್ಪಾ, ಬರ್ತಾರೆ," ಅಂದನಂತೆ ದರ್ಜಿ. ಇದನ್ನು ನನಗೆ ಹೇಳಬೇಕಾದರೆ ಅವನು ನನ್ನ ಮುಖ ನೋಡಲಿಲ್ಲ.

ನನ್ನ ತಂಗಿ ಬಂದು ಒಂದು ವಾರ ಇದ್ದಳು. ಅವಳ ಬಾಯಿಗೆ ಬೀಗ ಇಲ್ಲ.

"ಊರೋರ ಫೋನಿಗೆಲ್ಲ ಜೀವ ಕೊಟ್ರು ಭಾವ. ಕಟ್ಟಿಕೊಂಡವಳ ಫೋನು ಮಾತ್ರ ಹೆಣ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ನೆ ಹೇಳ್ತಾರಾ?"

ನಾನು ಅವಳ ಬಾಯಿ ಮುಚ್ಚಿಸಲಿಲ್ಲ. ಬಂದವರಿಗೆಲ್ಲ ನಾನೇ ಹೇಳಿದೆ: ಮಂಗಳವಾರವೇ ಬ್ಯಾಟರಿ ಬದಲಾಯಿಸಿ ಅಂದೆ, ತಡಿ ಅಂದರು. ಬದಲಾಯಿಸಿದ್ದರೆ ಬುಧವಾರ ಪಕ್ಕದಲ್ಲಿರುತ್ತಿದ್ದೆ. ಬ್ಯಾಟರಿ ಬದಲಾಯಿಸಿ ಎಂದು ನಾನು ಅಂದಿರಲೇ ಇಲ್ಲ. ಹೇಳುತ್ತಾ ಹೇಳುತ್ತಾ ಅದೂ ಸೇರಿಕೊಂಡಿತು. ಸತ್ತವರ ಮೇಲೆ ಸಿಟ್ಟಿದ್ದರೆ ಅಳು ಸ್ವಲ್ಪ ಕಡಿಮೆ ಬರುತ್ತದೆ.

ಹದಿನೈದು ದಿನದ ಮೇಲೆ, ಜನ ತಮ್ಮ ಫೋನು ಕೇಳುತ್ತಿದ್ದಾರೆ ಎಂದು ದರ್ಜಿ ಹೇಳಿ ಕಳಿಸಿದ. ಭಾನುವಾರ ಹೋಗಿ ಶಟರ್ ಎತ್ತಿದೆ. ದೀಪ ಉರಿಯುತ್ತಲೇ ಇತ್ತು. ಅವತ್ತಿನ ಗಡಿಬಿಡಿಯಲ್ಲಿ ಯಾರೂ ಆಫ್ ಮಾಡಿರಲಿಲ್ಲ. ಹಲಗೆ ಮೇಲೆ ಹನ್ನೊಂದು ಫೋನು, ಹನ್ನೊಂದಕ್ಕೂ ವೈರು, ಎಲ್ಲದರಲ್ಲೂ ನೂರು. ಮೊದಲು ದೀಪ ಆರಿಸಿದೆ. ಆಮೇಲೆ ಕೂತೆ.

ನಾನು ಓದಿದ್ದು ಮೂರನೆಯ ಕ್ಲಾಸು. ಟೇಪಿನ ಮೇಲಿನ ಅಕ್ಷರವನ್ನು ಕೂಡಿಸಿ ಕೂಡಿಸಿ ಓದಿ, ಯಾರದ್ದು ಯಾವುದು ಎಂದು ತಿಳಿದು ಕೊಟ್ಟೆ. ಲಾರಿ ಡ್ರೈವರು ಬಂದು, ಒಂದೂ ಜೋಕು ಹೇಳದೆ, ಎರಡೂ ಕೈಯಲ್ಲಿ ಫೋನು ಇಸಿದುಕೊಂಡು ಹೋದ. ಆಮೇಲೆ ಟೀಚರಮ್ಮ ಬಂದರು. ನಿವೃತ್ತರಾಗಿ ಹತ್ತು ವರ್ಷ, ಗಟ್ಟಿ ದನಿ ಹಾಗೇ ಇದೆ. ಅವರ ಟೇಪಿನ ನಾಲ್ಕನೆಯ ಸಾಲು ನನಗೆ ಬಿಡಿಸಲು ಬರಲಿಲ್ಲ. ಸಾಲಿನ ಕೆಳಗೆ ಇವರು ಎರಡು ಗೀಟು ಎಳೆದಿದ್ದರು.

"ಏನು ಬರೆದಿದ್ದಾರೆ ಟೀಚರಮ್ಮ?"

ಅವರು ಕನ್ನಡಕ ಏರಿಸಿದರು. "ರಾತ್ರಿ ಆಫ್. ಇದೇ ಕಾರಣ." ಓದಿ ಸಣ್ಣಗೆ ನಕ್ಕರು. "ನಿನ್ನ ಯಜಮಾನರು ನನಗೇ ಪಾಠ ಹೇಳಿದ್ರಮ್ಮ. ನಾನು ಮಲಗೋವಾಗ ಫೋನು ಆಫ್ ಮಾಡ್ತಿದ್ದೆ."

"ಮಾಡಿದ್ರೆ ಏನು?"

"ಅಪ್‌ಡೇಟ್ ಆದ ಫೋನು ಹೊಸ ಮನೆಗೆ ಬಂದ ಹಾಗಂತೆ. ಪಾತ್ರೆ ಪಡಗ ಎಲ್ಲ ಜೋಡಿಸ್ಕೋಬೇಕಂತೆ. ನಾವು ಮುಟ್ಟದೆ ಇರೋವಾಗ, ವೈರು ಚುಚ್ಚಿದ್ದಾಗ, ರಾತ್ರಿಯೆಲ್ಲ ಕೂತು ಮಾಡುತ್ತಂತೆ. ಎರಡು ಮೂರು ರಾತ್ರೀಲಿ ಮುಗಿಯುತ್ತೆ. 'ನೀವು ದೀಪ ಆರಿಸಿ ಮನೆ ಜೋಡಿಸು ಅಂದ್ರೆ ಹೇಗೆ ಟೀಚರಮ್ಮ? ಅದಕ್ಕೇ ಹಗಲೆಲ್ಲ ನಿಮ್ಮ ಚೀಲದಲ್ಲಿ ಕೂತು ಬೆವರ್ತಿದೆ' ಅಂದ್ರು. ಮೂರು ರಾತ್ರಿ ಆನ್ ಇಡ್ತೀನಿ ಅಂದೆ. ನಿಮ್ಮ ಮೇಲೆ ನಂಬಿಕೆ ಇಲ್ಲ, ಇಲ್ಲೇ ಬಿಡಿ ಅಂದ್ರು, ನೋಡು!"

ಟೀಚರಮ್ಮ ಹೋದ ಮೇಲೆ ಜೇಬಿನಿಂದ ನನ್ನ ಫೋನು ತೆಗೆದೆ. ಬೆನ್ನಿನ ಟೇಪು ಅಂಚಿನಲ್ಲಿ ಮಾಸಿತ್ತು. ಅಷ್ಟು ದಿನದಲ್ಲಿ ಒಂದು ಸಲವೂ ಓದಿರಲಿಲ್ಲ. ಬೆಳಿಗ್ಗೆ ನೂರು, ಒಂದಕ್ಕೆ ಸೊನ್ನೆ, ಚುಕ್ಕೆ. ಬಿಸಿ, ಚುಕ್ಕೆ. ಆಪ್ ಇಲ್ಲ, ಚುಕ್ಕೆ. ನಾಲ್ಕನೆಯ ಸಾಲು: ರಾತ್ರಿ ಆನ್. ಚುಕ್ಕೆ ಇರಲಿಲ್ಲ.

ಅದನ್ನು ಅವರು ನನ್ನನ್ನು ಕೇಳಿರಲಿಲ್ಲ. ಊರೆಲ್ಲರನ್ನೂ ಎರಡೆರಡು ಸಲ ಕೇಳುವವರು, ಒಂದೇ ಮನೆಯಲ್ಲಿರುವ ಹೆಂಡತಿಯದು ಗೊತ್ತೇ ಇದೆ ಎಂದುಕೊಂಡು ಬರೆದುಬಿಟ್ಟಿದ್ದರು.

ಆ ರಾತ್ರಿ ಫೋನನ್ನು ಆನ್ ಇಟ್ಟು, ವೈರು ಚುಚ್ಚಿ ಮಲಗಿದೆ. ಎರಡು ಸಲ ಎದ್ದು ಆಫ್ ಮಾಡೋಣ ಅನ್ನಿಸಿತು. ಮಾಡಲಿಲ್ಲ. ಮರುದಿನವೂ ಒಂದಕ್ಕೇ ಸತ್ತಿತು. ಅದರ ಮರುದಿನ ಮೂರರವರೆಗೆ ಇತ್ತು. ನಾಲ್ಕನೆಯ ದಿನ ಸಂಜೆ ಆರಕ್ಕೆ ನೋಡಿದರೆ ನಲವತ್ತೆರಡು. ಜೇಬು ತಣ್ಣಗಿತ್ತು. ಬ್ಯಾಟರಿ ಅದೇ. ಬದಲಾಯಿಸಿದ್ದರೂ ಬುಧವಾರ ಸಾಯುತ್ತಿತ್ತು. ಸಾಯಿಸುತ್ತಿದ್ದವಳು ನಾನು.

ತಂಗಿ ಬಂದಾಗ ಹೇಳಿದೆ.

"ಭಾವಂಗೆ ಗೊತ್ತಿರ್ಲಿಲ್ವಾ?"

"ಅವರು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

"ಹೋಗ್ಲಿ ಬಿಡಕ್ಕಾ. ಇನ್ನು ಇದನ್ನ ಯಾರ ಮುಂದೂ ಬಾಯಿ ಬಿಡಬೇಡ."

"ಬಿಡ್ತೀನಿ. ತಪ್ಪು ಅವರದ್ದು ಅಂದಾಗ ಬೀದಿಗೆಲ್ಲ ಕೇಳೋ ಹಾಗೆ ಅಂದಿದ್ದೆ."

ಮೊದಲು ದರ್ಜಿಗೆ ಹೇಳಿದೆ. ಅವನು ಮಷಿನ್ ತುಳಿಯುವುದನ್ನು ನಿಲ್ಲಿಸಿ ಕೇಳಿದ.

"ತಡಿಯಪ್ಪ ಕೇಳ್ದೆ ಬರ್ದ್ನಾ?" ಅಂದ. ಮತ್ತೆ ಅಂದ, "ಅವನು?"

"ಹೂಂ."

"ಅತ್ತಿಗೆ, ಅವನು ಕೇಳದೆ ನಂಬಿದ್ದು ನಿಮ್ಮೊಬ್ಬರನ್ನೇ ಇರಬೇಕು."

ಇದು ಸಮಾಧಾನದ ಮಾತೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ಬೇಕರಿಯವನಿಗೂ ಹೇಳಿ ಮನೆಗೆ ಬಂದೆ.

ಅಂಗಡಿ ಈಗ ಬೇರೆಯವರದು. ಸ್ಕ್ರೂ, ದೀಪ, ಗಾಜಿನ ಮೇಜು ಅವರಿಗೇ ಬಿಟ್ಟೆ. ಬಿಳಿ ಟೇಪಿನ ಒಂದು ಸುರುಳಿ ಮಾತ್ರ ಮನೆಗೆ ತಂದೆ.

ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಫೋನಿನಿಂದ ವೈರು ಕೀಳುತ್ತೇನೆ. ನಿನ್ನೆಯ ಟೇಪು ತೆಗೆದು ಹೊಸದು ಅಂಟಿಸುತ್ತೇನೆ. ಮೊದಲ ಸಾಲಿನಲ್ಲಿ ನೂರು ಎಂದು ಬರೆಯುತ್ತೇನೆ, ಸಂಜೆಯದಕ್ಕೆ ಜಾಗ ಬಿಡುತ್ತೇನೆ. ಬಿಸಿ ಇಲ್ಲ. ಆಪ್ ಇಲ್ಲ. ನಾಲ್ಕನೆಯ ಸಾಲಿಗೆ ಬಂದಾಗ ರಾತ್ರಿ ಆನೋ ಆಫೋ ಎಂದು ಬಾಯಿ ಬಿಟ್ಟು ಕೇಳುತ್ತೇನೆ. ಆನ್ ಎನ್ನುತ್ತೇನೆ. ಇನ್ನೊಂದು ಸಲ ಕೇಳುತ್ತೇನೆ. ಆಮೇಲೆ ಚುಕ್ಕೆ ಇಟ್ಟು ಕೆಲಸಕ್ಕೆ ಹೊರಡುತ್ತೇನೆ.