ಸಹಿಗೆ ಮುಂಚೆ ಎರಡು ತೆಂಗಿನಕಾಯಿ

ಸಂಶಯವೆಂಬುದು ಮನುಷ್ಯನಿಗೆ ಮಾತ್ರ ದಕ್ಕಿದ ಗುಣ. ನಾಗರಿಕತೆಯೆಲ್ಲ ಅದರ ಮೇಲೆಯೇ ನಿಂತಿದೆ. ಈ ಮಾತನ್ನು ನಾನು ಗಂಭೀರವಾಗಿ ಹೇಳಿದಾಗ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ, "ನಮ್ ನಾಯಿನೂ ಹಂಗೇ. ಪೋಸ್ಟಿನೋನ್ನ ಕಂಡ್ರೆ ಆಗಲ್ಲ" ಎಂದಳು.

ಚರ್ಚೆಗೆ ಕಾರಣ ಒಂದು ಕಾಗದ. ಹತ್ತು ವರ್ಷದ ಮೊಮ್ಮಗಳು ಬೇಸಿಗೆ ರಜೆಗೆ ಸಿಂಗಟಗೆರೆಯ ನಮ್ಮ ಮನೆಗೆ ಬಂದಿದ್ದಳು. ತರೀಕೆರೆ ಕಡೆ ಭದ್ರಾ ಹಿನ್ನೀರಿನ ದಡದಲ್ಲಿ ಮಕ್ಕಳ ಶಿಬಿರವೊಂದಿದೆ. ಶನಿವಾರ ಬೆಟ್ಟ ಹತ್ತಿ ರಾತ್ರಿ ಗುಡಾರದಲ್ಲಿ ಮಲಗುವುದು, ಭಾನುವಾರ ಇಳಿದು ಬಂದು ಕೆನೂ ನಡೆಸುವುದು. ಮನೆಯ ಹಿರಿಯರೊಬ್ಬರು ಗುರುವಾರದೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡದಿದ್ದರೆ ಮಗುವಿಗೆ ಜಾಗವಿಲ್ಲ. ಕಡೂರಿನಲ್ಲಿರುವ ಮಗ ಫೋನಿನಲ್ಲಿ, "ಅಪ್ಪ, ನೀವೇ ನೋಡಿ ತೀರ್ಮಾನ ಮಾಡಿ" ಎಂದ. ಹೈಸ್ಕೂಲು ಮುಗಿಸಿದ ಮೇಲೆ ಅವನು ನನ್ನ ತೀರ್ಮಾನ ಕೇಳಿದ್ದು ಅದೇ ಮೊದಲು. ನಾಳೆ ಏನಾದರೂ ಆದರೆ ಬೈಯಲು ಒಬ್ಬ ಬೇಕಲ್ಲ ಎಂದು ನನಗೆ ಆಗಲೇ ವಾಸನೆ ಹತ್ತಿತು.

ಸರ್ವೆ ಇಲಾಖೆಯಲ್ಲಿ ಹೊಲ ಅಳೆದು ನಿವೃತ್ತನಾದವನು ನಾನು. ಕಾಗದದಲ್ಲಿ ಬಾವಿ ಇರುವ ಕಡೆ ಬಯಲು, ಬಯಲು ಇರುವ ಕಡೆ ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತಿದ್ದನ್ನು ಕಂಡಿದ್ದೇನೆ. ಸ್ಥಳ ನೋಡದೆ ಸಹಿ ಹಾಕಿದವನಲ್ಲ.

"ಕೆನೂ ಅಂದ್ರೆ ಏನೇ?" ಎಂದು ಮೊಮ್ಮಗಳನ್ನು ಕೇಳಿದೆ.

"ಉದ್ದ ದೋಣಿ ತಾತ. ಇಬ್ರು ಕೂತು ಹುಟ್ಟು ಹಾಕೋದು."

ಉದ್ದ ಎಂದ ಕೂಡಲೇ ನನ್ನ ಸಂಶಯ ಬಲವಾಯಿತು. ಹರಿಗೋಲು ದುಂಡಗಿರುತ್ತದೆ, ಯಾವ ಕಡೆ ಮಗುಚಬೇಕೆಂದು ಅದಕ್ಕೇ ತಿಳಿಯದು. ಉದ್ದ ದೋಣಿಗೆ ಆ ಗೊಂದಲವಿಲ್ಲ.

"ಎಲ್ರ ತಾತಂದಿರೂ ಸೈನ್ ಮಾಡಿದಾರೆ" ಎಂದಳು.

"ಎಷ್ಟು ಜನರ ತಾತಂದಿರು?"

"ಇಬ್ರದು."

ಅವಳು ಸೋಮವಾರದಿಂದಲೇ ಚೀಲ ತುಂಬಿಟ್ಟು, ಟಾರ್ಚನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು. ಮಂಗಳವಾರದಿಂದ ನನ್ನೊಡನೆ ಮಾತು ಬಿಟ್ಟಳು.

ಬುಧವಾರ ಇಬ್ಬರೂ ಬಸ್ಸು ಹತ್ತಿದೆವು. ನನ್ನ ಕೈಚೀಲದಲ್ಲಿ ಸುಲಿಯದ ಎರಡು ಒಣ ತೆಂಗಿನಕಾಯಿಗಳಿದ್ದವು. ನಮ್ಮ ಕಡೆ ಈಜು ಕಲಿಯುವುದು ಬಾವಿಯಲ್ಲಿ. ಎರಡು ಕಾಯಿಗಳ ಮಟ್ಟೆಯಿಂದ ಒಂದೊಂದು ಎಳೆ ಸೀಳಿ, ಎಳೆಗೆ ಎಳೆ ಗಂಟು ಹಾಕಿ, ಆ ಜೋಡಿಯನ್ನು ಹೊಟ್ಟೆಯ ಕೆಳಗೆ ಕೊಟ್ಟು ನಮ್ಮಪ್ಪ ನನ್ನನ್ನು ನೀರಿಗೆ ತಳ್ಳಿದ್ದರು. ಶಿಬಿರದವರು ಕೊಡುವ ಕಿತ್ತಳೆ ಬಣ್ಣದ ಜಾಕೆಟ್ಟನ್ನು ನಂಬಿ ಮಗುವನ್ನು ಬಿಡುವ ಇರಾದೆ ನನಗಿರಲಿಲ್ಲ. ಎಳೆ ಸೀಳುವ ಶಕ್ತಿ ಬೆರಳಿಗೆ ಉಳಿದಿರಲಿಲ್ಲವಾದ್ದರಿಂದ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ್ದೆ.

"ಏನ್ ತಾತ, ಈಡುಗಾಯಿ ಒಡಿಯಕ್ಕೆ ಹೊಂಟ್ರಾ?" ಎಂದ ಕಂಡಕ್ಟರು. ಮೊಮ್ಮಗಳು ಕಿಟಕಿಯ ಕಡೆ ತಿರುಗಿದಳು.

ಶಿಬಿರದ ಗೇಟಿನಲ್ಲಿ ತಡೆದವಳು ಅಜ್ಜಂಪುರದ ಒಬ್ಬ ಹುಡುಗಿ, ಮಕ್ಕಳಿಗೆ ದೋಣಿ ಕಲಿಸುವವಳು. ನನ್ನ ಪ್ರಶ್ನೆಗಳ ಪಟ್ಟಿ ತೆಗೆಯುವ ಮೊದಲೇ ಅವಳು ಕೇಳಿದಳು: "ಮಗು ನಿಮ್ಗೇನಾಗ್ಬೇಕು ಸಾರ್? ಗುರುತಿನ ಚೀಟಿ ತೋರ್ಸಿ."

ಜೀವಮಾನವೆಲ್ಲ ಊರವರ ಹತ್ತಿರ ದಾಖಲೆ ಕೇಳಿದ ನಾನು ಅಂದು ಆಧಾರ್ ಕಾರ್ಡನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅವಳು ಬಗ್ಗಿ ಮೊಮ್ಮಗಳನ್ನು ಕೇಳಿದಳು: "ಇವ್ರು ಯಾರು ಪುಟ್ಟ?"

ಮೊಮ್ಮಗಳು ನನ್ನನ್ನು ನೋಡಿದಳು, ತೆಂಗಿನಕಾಯಿ ನೋಡಿದಳು, ಸ್ವಲ್ಪ ಹೊತ್ತು ಯೋಚಿಸಿದಳು. "ತಾತ" ಎಂದಳು. ಆಮೇಲೂ ಆ ಹುಡುಗಿ ನನ್ನ ಮಗನಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡೇ ಒಳಗೆ ಬಿಟ್ಟದ್ದು.

ಗುಡಾರ ಎಲ್ಲಿ, ಆನೆ ಬಂದರೆ ಏನು ಎಂದೆ. "ಆನೆ ದಾರಿಲಿ ಗುಡಾರ ಹಾಕಲ್ಲ ಸಾರ್. ಫಾರೆಸ್ಟ್ ಗಾರ್ಡು ಜೊತೆಗಿರ್ತಾರೆ." ದೋಣಿಯನ್ನು ತಟ್ಟಿ ನೋಡಿದೆ, ಅದೂ ಪ್ಲಾಸ್ಟಿಕ್ಕು. ಕೊನೆಗೆ ಚೀಲ ಬಿಚ್ಚಿ, ಮಗುವಿಗೆ ಜಾಕೆಟ್ಟಿನ ಬದಲು ಇದನ್ನು ಕಟ್ಟತಕ್ಕದ್ದು ಎಂದು ಷರತ್ತು ಹಾಕಿದೆ.

"ಜಾಕೆಟ್ ಬಿಡಂಗಿಲ್ಲ ಸಾರ್."

"ಹಂಗಾದ್ರೆ ಪರೀಕ್ಷೆ ಆಗ್ಲಿ. ನಾನೇ ಇಳೀತೀನಿ."

"ಇಳೀರಿ. ಆದ್ರೆ ನೀವೂ ಜಾಕೆಟ್ ಹಾಕ್ಕೊಂಡೇ."

ಅಂಗಿ ಬಿಚ್ಚಿ ಮೊಮ್ಮಗಳ ಕೈಗಿತ್ತು, ಪಂಚೆ ಎತ್ತಿ ಕಟ್ಟಿ, ಪ್ರತಿಭಟನೆಯೊಂದಿಗೆ ಜಾಕೆಟ್ಟು ತೊಟ್ಟು, ಕಾಯಿಗಳನ್ನು ಹೊಟ್ಟೆಯ ಕೆಳಗಿಟ್ಟು ಎದೆಮಟ್ಟದ ನೀರಿನಲ್ಲಿ ಮಲಗಿದೆ. ನಾಲ್ಕು ಸಲ ಕೈ ಬೀಸಿರಬಹುದು. ಪ್ಲಾಸ್ಟಿಕ್ ಹಗ್ಗ ನೆನೆದು ಜಾರಿತು. ಕಾಯಿಗಳೆರಡೂ ಆ ಕಡೆಗೊಂದು ಈ ಕಡೆಗೊಂದು ಹೊರಟವು. ಮುಳುಗುತ್ತೇನೆಂದು ಉಸಿರು ಬಿಗಿ ಹಿಡಿದೆ. ಮುಳುಗಲಿಲ್ಲ. ನನ್ನ ವಾದಕ್ಕೆ ಇದರಿಂದ ಬಲವಾದ ಪೆಟ್ಟಾಯಿತು.

"ಅಲ್ಲೇ ನಿಂತ್ಕಳಿ ಸಾರ್, ನಾನು ತತ್ತೀನಿ" ಎಂದು ಹುಡುಗಿ ಕೆನೂವನ್ನು ನೀರಿಗೆ ನೂಕಿದಳು.

"ಅಕ್ಕ, ನಾನೂ ಬರ್ಲಾ?" ಎಂದಳು ಮೊಮ್ಮಗಳು.

"ಸಹಿ ಆಗಿಲ್ವಲ್ಲ ಪುಟ್ಟ. ಸಹಿ ಇಲ್ದೆ ಯಾರ್ನೂ ಹತ್ತಿಸಲ್ಲ."

ಮೊಮ್ಮಗಳು ಹಟ ಮಾಡಲಿಲ್ಲ, ಅಳಲಿಲ್ಲ. ನನ್ನ ಅಂಗಿಯನ್ನು ಎದೆಗವಚಿಕೊಂಡು ನೀರಿನ ಅಂಚಿನಲ್ಲೇ ನಿಂತಳು. ಕಾಯಿಗಳು ದೂರವಾಗುತ್ತಿದ್ದವು. ಅದು ನನ್ನ ಕಾಯಿ, ನನ್ನ ಮೊಮ್ಮಗಳು, ನಾನು ಎದುರಿಗೇ ಇದ್ದೇನೆ, ಬೇಡವೆನ್ನುವ ಸ್ಥಿತಿಯಲ್ಲೂ ಇಲ್ಲ. ಆದರೂ ಆ ಹುಡುಗಿ ಕಾಗದ ಕೇಳಿದಳು. ನನ್ನ ನೌಕರಿಯಲ್ಲಿ ಇಂಥವರು ಇಬ್ಬರೋ ಮೂವರೋ ಸಿಕ್ಕಿದ್ದರು. ಅವರು ಅಳೆದ ಹೊಲವನ್ನು ನಾನು ಮತ್ತೆ ಅಳೆಯುತ್ತಿರಲಿಲ್ಲ.

ದಡಕ್ಕೆ ಬಂದೆ. "ಜೇಬಲ್ಲಿ ಪೆನ್ನಿದೆ, ಕೊಡು" ಎಂದೆ. ಮಂಗಳವಾರದಿಂದ ಮಾತು ಬಿಟ್ಟಿದ್ದ ಮೊಮ್ಮಗಳು ಆಗ ಮಾತಾಡಿದಳು: "ಕೈ ಒರೆಸ್ಕೋ ತಾತ. ಶಾಯಿ ಕಲಸೋಗತ್ತೆ."

ಸಹಿಯಾದ ಮೇಲೆ ದೋಣಿಯ ಮುಂಭಾಗದಲ್ಲಿ ಕೂತು ಮೊಮ್ಮಗಳು ಹುಟ್ಟು ಹಾಕುವುದನ್ನು ಒದ್ದೆ ಪಂಚೆಯಲ್ಲಿ ನಿಂತು ನೋಡಿದೆ. ದೋಣಿ ಮೊದಲು ಇದ್ದಲ್ಲೇ ಒಂದು ಸುತ್ತು ತಿರುಗಿತು.

ಶನಿವಾರ ಬೆಟ್ಟ ಹತ್ತಿದಳು, ಭಾನುವಾರ ದೋಣಿ ನಡೆಸಿದಳು, ಸಂಜೆ ಅವಳಪ್ಪ ಕಡೂರಿಗೆ ಕರೆದುಕೊಂಡು ಹೋದ. ತೆಂಗಿನಕಾಯಿ ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ.